ಮೊಳೆಪೆಟ್ಟಿಗೆಯ ಕಾಕಾ

ಕಾಕಾ ತೀರಿಕೊಂಡ ಸುದ್ದಿ ಕ್ಯಾಲಿಫೋರ್ನಿಯಾದ ನಮ್ಮ ಪ್ಲೆಸೆಂಟನ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂದಾಗ ಅದರ ಮೇಲಿದ್ದದ್ದು ಹಳೆಯ ತೊಟ್ಟಿಲು ಮಾರಾಟಕ್ಕಿದೆ ಎಂಬ ಜಾಹೀರಾತು, ಕೆಳಗೆ ಬಂದದ್ದು ನಮ್ಮ ಮನೆಯಲ್ಲಿ ಯಾರೋ ಕುಕ್ಕರಿನ ಮುಚ್ಚಳ ಬಿಟ್ಟುಹೋಗಿದ್ದಾರೆ ಎಂಬ ಪ್ರಕಟಣೆ. ನಡುವೆ ಕೈಮುಗಿದ ಚಿತ್ರಗಳ ಸಾಲು. ಒಬ್ಬರು ಅವಸರದಲ್ಲಿ ಕೈಮುಗಿಯುವ ಬದಲು ಚಪ್ಪಾಳೆ ಒತ್ತಿ, ಯಾರೋ ಫೋನು ಮಾಡಿ ಹೇಳಿದ ಮೇಲೆ ಅಳಿಸಿದರು. ಕಾಕಾ ಇದ್ದಿದ್ದರೆ, ಇರಲಿ ಬಿಡ್ರಿ, ಯಾರರೆ ಚಪ್ಪಾಳಿ ಹೊಡದ್ರಲ್ಲ ಅನ್ನುತ್ತಿದ್ದರು.

ಅವರಿಗೊಂದು ಹೆಸರಿತ್ತು, ಹೆಸರಿನ ಹಿಂದೆ ಎರಡು ಡಿಗ್ರಿಯೂ ಇದ್ದವು. ಆದರೆ ಧಾರವಾಡದ ಕಡೆಯ ಒಂದು ಮಗು ಅವರನ್ನು ಕಾಕಾ ಎಂದದ್ದು ಕೇಳಿ ಮಂಡ್ಯದವರು, ಹಾಸನದವರು, ಮಂಗಳೂರಿನವರು ಎಲ್ಲರೂ ಕಾಕಾ ಅಂದರು. ಅವರ ಹೆಂಡತಿ ಕಾಕು ಆದರು. ನಾನೂ ಹಾಗೇ ಕರೆದೆ. ಇಲ್ಲೂ ಅಷ್ಟೇ ಸಾಕು.

ನಾನು ಮೈಸೂರಿನವನು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ನೌಕರಿ. ವಾರಾಂತ್ಯದಲ್ಲಿ ಅದೇ ಕೆಲಸವನ್ನು ಸಂಬಳವಿಲ್ಲದೆ ಮನುಷ್ಯರ ಮೇಲೆ ಮಾಡುತ್ತೇನೆ. ಅದಕ್ಕೆ ಮಿಮಿಕ್ರಿ ಅನ್ನುತ್ತಾರೆ. ನಮ್ಮ ಸಂಘದ ಅಧ್ಯಕ್ಷರು ಮೈಕು ಹಿಡಿದರೆ ಮೊದಲು ಅದಕ್ಕೆ ಊದಿ, ಕೇಳಿಸ್ತಿದೆಯಾ ಅಂತ ಕೇಳಿ, ಕೇಳಿಸುತ್ತಿದೆ ಅಂದರೂ ನಂಬದೆ ಮತ್ತೆ ಊದುತ್ತಾರೆ. ಇದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ ಅವರ ನಾಯಿ ನನ್ನನ್ನು ನೋಡಿ ಎದ್ದು ನಿಲ್ಲುತ್ತದೆ. ನಮ್ಮಮ್ಮನನ್ನು ಬಿಟ್ಟಿಲ್ಲ, ಮ್ಯಾನೇಜರನ್ನು ಬಿಟ್ಟಿಲ್ಲ, ಹುಡುಗಿ ನೋಡಲು ಹೋಗಿ ಪಾಯಸವನ್ನು ಷರ್ಟಿಗೆ ಉಣಿಸಿ ಬಂದ ನನ್ನನ್ನೂ ಬಿಟ್ಟಿಲ್ಲ.

ಕಾಕಾ ಅವರ ಗರಾಜಿನ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಹೊಸತರಲ್ಲೇ ಅವರ ಎದುರು ಅವರನ್ನೇ ಮಾಡಿ ತೋರಿಸಿದೆ. ಕಾಕು ನಕ್ಕು ನಕ್ಕು ಸೆರಗು ಬಾಯಿಗೆ ಹಿಡಿದರು. ಕಾಕಾ ಪರೀಕ್ಷೆ ನಡೆಸುವವರ ಹಾಗೆ ಪೂರ್ತಿ ನೋಡಿದರು.

"ದನಿ ಬರೋಬ್ಬರಿ ಅದ," ಅಂದರು. "ಆದ್ರ ನಾ ಇಷ್ಟ ಗಡಿಬಿಡಿ ಮಾಡೂದಿಲ್ಲಪಾ. ಮಾತಿನ ನಡುವ ಜಾಗಾ ಬಿಡು."

ಜಾಗ ಬಿಡುವುದು ನನಗೆ ಬರಲೇ ಇಲ್ಲ. ನನ್ನ ಕಾಕಾ ಯಾವಾಗಲೂ ಅಸಲಿ ಕಾಕಾಗಿಂತ ಬೇಗ ಮುಗಿಯುತ್ತಿದ್ದ.

ಸಪೂರ ಆಳು. ಜುಲೈನಲ್ಲೂ ತೋಳಿಲ್ಲದ ಸ್ವೆಟರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕನ್ನಡಕ, ಎಲ್ಲೋ ಇಟ್ಟು ಮರೆತ ಇನ್ನೊಂದನ್ನು ಹುಡುಕಲಿಕ್ಕೆ. ಚಿಪ್ಪು ತಯಾರಿಸುವ ಯಂತ್ರಗಳನ್ನು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಜೀವಮಾನ ಪೂರಾ ಕಣ್ಣಿಗೆ ಕಾಣದ್ದನ್ನ ಮಾಡೀನಿ, ಈಗ ಕಾಣೂದು ಒಂದರೆ ಮಾಡತೀನಿ ಅನ್ನುವುದು ಅವರ ಮಾತು.

ಆ ಕಾಣುವ ವಸ್ತು ನನಗೆ ಮೊದಲು ಕೇಳಿಸಿತು. ಶನಿವಾರ ಬೆಳಿಗ್ಗೆ ನಿದ್ದೆ ಮಾಡುವುದನ್ನೇ ಒಂದು ಕಾರ್ಯಕ್ರಮ ಮಾಡಿಕೊಂಡವನು ನಾನು. ಆ ಹೊತ್ತಿಗೇ ನೆಲದ ಕೆಳಗಿನಿಂದ ಠಪ್ ಅಂತ ಏನೋ ಹಾರುವುದು, ಟಿಣ್ ಟಿಣ್ ಟಿಟಿಣ್ ಅಂತ ಇಳಿಯುವುದು, ಕೊನೆಗೆ ಗುಳುಕ್ ಅನ್ನುವುದು. ಆಮೇಲೆ ಉದ್ದನೆಯ ಮೌನ. ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಮತ್ತೆ ಠಪ್. ಜಗಳಕ್ಕೆಂದು ಕೆಳಗಿಳಿದು ಹೋದವನು ಮಧ್ಯಾಹ್ನದ ಊಟಕ್ಕೆ ಕಾಕು ಕರೆಯುವವರೆಗೆ ಅಲ್ಲೇ ನಿಂತಿದ್ದೆ.

ಪಿನ್‌ಬಾಲ್ ಅಂದರೆ ನಮಗೆ ಕಣ್ಣಿಗೆ ಬರುವುದು ದೀಪ ಮಿನುಗಿಸಿ ಅರಚುವ ಆಳೆತ್ತರದ ಯಂತ್ರ. ಇದು ಅದರ ಮುತ್ತಜ್ಜಿ. ಮೇಜಿನ ಮೇಲಿಟ್ಟು ಆಡುವ ಮರದ ಪೆಟ್ಟಿಗೆ, ಮೇಲೊಂದು ಗಾಜು, ಒಳಗೆ ಇಳಿಜಾರಾದ ಹಲಗೆ. ಹಲಗೆಯ ತುಂಬ ಹಿತ್ತಾಳೆ ಮೊಳೆಗಳು, ಮೊಳೆಗಳ ನಡುವೆ ತೂತುಗಳು, ಒಂದೊಂದು ತೂತಿನ ಪಕ್ಕದಲ್ಲೂ ಎಷ್ಟು ಅಂಕ ಎಂದು ಹೇಳುವ ಪುಟ್ಟ ತಗಡು. ಬಲಗಡೆ ಸ್ಪ್ರಿಂಗಿನ ಹಿಡಿ. ಅದನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಮೊಳೆಯಿಂದ ಮೊಳೆಗೆ ತಾಕುತ್ತ ಇಳಿದು, ಯಾವುದೋ ಒಂದು ತೂತಿಗೆ ಬೀಳುತ್ತದೆ. ಅಷ್ಟೇ ಆಟ. ಕರೆಂಟಿಲ್ಲ, ಗುಂಡನ್ನು ಒದ್ದು ಮತ್ತೆ ಮೇಲೆ ಕಳಿಸುವ ಫ್ಲಿಪ್ಪರುಗಳಿಲ್ಲ. ಅವೆಲ್ಲ ಆಮೇಲೆ ಬಂದ ವೈಭೋಗ. ಇದರಲ್ಲಿ ಬಿಟ್ಟಮೇಲೆ ನೋಡುತ್ತ ನಿಲ್ಲಬೇಕು.

ನಿಲ್ಲುವುದನ್ನು ಕಾಕಾ ನೋಡಿ ಕಲಿಯಬೇಕು. ಹಿಡಿ ಬಿಟ್ಟ ಕೂಡಲೇ ಅವರ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಮಗುವನ್ನು ಮೊದಲ ದಿನ ಡೇಕೇರಿನಲ್ಲಿ ಬಿಟ್ಟು ಕಿಟಕಿಯಾಚೆಯಿಂದ ನೋಡುವ ಅಪ್ಪನ ಮುಖ. ನಾವೆಲ್ಲ ಹಾಗಲ್ಲ. ಗುಂಡು ಬಲಕ್ಕೆ ಹೋದರೆ ನಾವೂ ಬಲಕ್ಕೆ ವಾಲುತ್ತೇವೆ, ಸೊಂಟದಲ್ಲಿ ಪೆಟ್ಟಿಗೆಗೆ ಒಂದು ಗುಟ್ಟಿನ ತಳ್ಳು ಕೊಡುತ್ತೇವೆ.

ತಳ್ಳುವವರ ಚರಿತ್ರೆಯನ್ನು ಕಾಕಾ ಪಕ್ಕದ ಮನೆಯವರ ಮೇಲೆ ಚಾಡಿ ಹೇಳುವ ಹಾಗೆ ಹೇಳುತ್ತಿದ್ದರು. ಈ ಪೆಟ್ಟಿಗೆಗಳು ಬಂದದ್ದು ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಬೀದಿಗೆ ಬಿದ್ದಿದ್ದ ಕಾಲದಲ್ಲಿ. ಒಂದು ಪುಡಿಕಾಸು ಹಾಕಿದರೆ ಕೆಲವು ಗುಂಡು. ಆ ಪುಡಿಕಾಸೂ ಹೋಗಬಾರದೆಂದು ಜನ ಪೆಟ್ಟಿಗೆಯನ್ನು ಅಡಿಯಿಂದ ಗುದ್ದಿ ಗುಂಡನ್ನು ಬೇಕಾದ ಕಡೆ ಕಳಿಸುತ್ತಿದ್ದರಂತೆ. ತಯಾರಿಸುವವನೊಬ್ಬ ಸಿಟ್ಟಿಗೆದ್ದು ಪೆಟ್ಟಿಗೆಯ ಅಡಿಯಲ್ಲಿ ಮೊನೆ ಕೆಳಗಾಗಿ ಮೊಳೆ ಹೊಡೆದನಂತೆ: ಗುದ್ದಿದವನ ಅಂಗೈಯೇ ಸಾಕ್ಷಿ. ಅದು ಅತಿಯಾಯಿತೆಂದು ಆಮೇಲೆ ಒಂದು ಪುಟ್ಟ ಕಂಬದ ಮೇಲೆ ಸಣ್ಣ ಗುಂಡು ಕೂರಿಸಿದರು. ಪೆಟ್ಟಿಗೆ ಅಲುಗಿದರೆ ಅದು ಉರುಳಿ ಬೀಳುತ್ತದೆ, ಆಟ ಮುಗಿಯುತ್ತದೆ. ಅದೇ ಮುಂದೆ 'ಟಿಲ್ಟ್' ಆಗಿ ದೊಡ್ಡ ಯಂತ್ರಗಳಿಗೂ ಹೋಯಿತು. ಕಾಕಾ ಅವರ ಪೆಟ್ಟಿಗೆಯಲ್ಲಿ ಆ ಕಂಬವಿತ್ತು, ಸಣ್ಣ ಗುಂಡು ಕಳೆದುಹೋಗಿತ್ತು. ಒಂದು ಹಳೆಯ ಬೇರಿಂಗಿನಿಂದ ಅವರೇ ಒಂದನ್ನು ತಂದು ಕೂರಿಸಿದರು.

ಬರ್ಕ್ಲಿಯಲ್ಲಿ ಯಾರೋ ಪ್ರೊಫೆಸರು ಮನೆ ಖಾಲಿ ಮಾಡುವಾಗ 'ಉಚಿತ' ಅಂತ ಬರೆದು ಫುಟ್‌ಪಾತಿನಲ್ಲಿ ಇಟ್ಟಿದ್ದ ಪೆಟ್ಟಿಗೆ ಅದು. ಫುಕಟ್ ಅಂದ್ರ ಇವರು ಹಾವಿನ ಮರೀನೂ ತರತಾರ ಅಂತ ಕಾಕು ಮೂದಲಿಸಿದರು. ಬಂದಾಗ ಅರ್ಧ ಮೊಳೆಗಳಿರಲಿಲ್ಲ. ಹಲಗೆಯಲ್ಲಿ ಉಳಿದಿದ್ದ ಗುರುತು ನೋಡಿ ಕಾಕಾ ಒಂದೊಂದಾಗಿ ಹೊಡೆದರು. ಒಂದು ಮೊಳೆ ಹೊಡೆಯುವುದು, ಗುಂಡು ಬಿಡುವುದು, ನೋಡುವುದು, ಮೊಳೆಯನ್ನು ಕೂದಲೆಳೆಯಷ್ಟು ಬಗ್ಗಿಸುವುದು, ಮತ್ತೆ ಬಿಡುವುದು. ನನ್ನ ಶನಿವಾರಗಳು ಹೀಗೆ ಹೋದವು. ಎಲ್ಲಾ ಮೊಳೆ ಕೂತರೂ ಒಂದು ತಲೆನೋವು ಉಳಿಯಿತು. ಹೇಗೇ ಎಳೆದರೂ ಗುಂಡು ಕೊನೆಗೆ ಎಡಗಡೆ ಕೆಳಗಿನ ಒಂದೇ ತೂತಿಗೆ ಹೋಗಿ ಬೀಳುತ್ತಿತ್ತು. ಕಾಕಾ ಭೂತಗನ್ನಡಿ ಹಿಡಿದು ನೋಡಿದರು, ರಸಮಟ್ಟ ಇಟ್ಟು ನೋಡಿದರು. ಕಾರಣ ಸಿಗಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಒಂದು ತೀರ್ಮಾನವಾಯಿತು. ಶಿಕಾಗೋದಲ್ಲಿರುವ ಮಗಳು, ನೀವಿಬ್ಬರೇ ಅಲ್ಲಿ ಮೆಟ್ಟಿಲು ಹತ್ತಿ ಇಳಿದದ್ದು ಸಾಕು, ದೀಪಾವಳಿ ಮುಗಿಸಿಕೊಂಡು ಇಲ್ಲಿಗೇ ಬನ್ನಿ ಅಂದಳು. ಇಬ್ಬರೂ ಒಪ್ಪಿದರು, ಸಂತೋಷದಿಂದಲೇ. ಆದರೆ ಅಲ್ಲಿ ಅವರಿಗಾಗಿ ನೋಡಿದ್ದ ಅಪಾರ್ಟ್‌ಮೆಂಟಿಗೆ ಗರಾಜಿರಲಿಲ್ಲ. ಪೆಟ್ಟಿಗೆಯನ್ನು ಹಳೆಯ ಯಂತ್ರಗಳ ಒಂದು ಸಣ್ಣ ಮ್ಯೂಸಿಯಮ್ಮಿಗೆ ಕೊಡುವುದೆಂದಾಯಿತು. ಮ್ಯೂಸಿಯಮ್ಮಿನವರು ಫೋಟೋ ನೋಡಿ ಬಹಳ ಖುಷಿಪಟ್ಟು, ಇಷ್ಟು ಚೆನ್ನಾಗಿರುವುದನ್ನು ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಬರೆದರು. ಕಾಕಾ ಅದನ್ನು ಓದಿ ಕನ್ನಡಕ ಕೆಳಗೆ ಬಿಟ್ಟರು.

"ಯಾರೂ ಮುಟ್ಟಲಿಲ್ಲಂದ್ರ ಅದು ಫೋಟೋ ಆತಲ್ಲೋ," ಅಂದರು. "ಒಂದ ದಿನಾ ಆದ್ರೂ ಮಂದಿ ಸಾಲು ಹಚ್ಚಿ ಆಡಬೇಕು. ಮಕ್ಕಳು ಆಡಬೇಕು. ಆಮ್ಯಾಲ ಕಪಾಟಿಗೆ ಹೋಗಲಿ."

ಆ ಒಂದು ದಿನ ಯಾವುದೆಂದು ನಾವು ಲೆಕ್ಕ ಹಾಕಿದೆವು: ನಮ್ಮ ಸಂಘದ ದೀಪಾವಳಿ ಮೇಳ. ಅದು ಬಿಟ್ಟರೆ ಬೇರೆ ದಿನವೇ ಇರಲಿಲ್ಲ. ಮೇಳದಲ್ಲಿ ಒಂದು ಮೇಜು ಕೊಡಿ ಎಂದು ಕಾಕಾ ಸಂಘಕ್ಕೆ ಹೇಳಿಟ್ಟರು, ಅವರೂ ಹೂಂ ಅಂದರು.

ಅದನ್ನು ಕೆಡಿಸಿದ್ದು ಆಯುಧಪೂಜೆ.

ಆಯುಧಪೂಜೆಯ ದಿನ ಕಾಕು ಕಣ್ಣಿಗೆ ಕಂಡದ್ದಕ್ಕೆಲ್ಲ ಅರಿಷಿಣ ಕುಂಕುಮ ಹಚ್ಚುವವರು. ಕಾರು, ಹುಲ್ಲು ಕತ್ತರಿಸುವ ಯಂತ್ರ, ವಾಷಿಂಗ್ ಮಶೀನು, ಗೋಡೆಯ ಮೇಲಿನ ವೈಫೈ ಡಬ್ಬಿ. ನನ್ನ ಲ್ಯಾಪ್‌ಟಾಪಿಗೂ ಹಚ್ಚಿದರು; ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರು ಅದೇನು ಗಾಯ ಅಂತ ಕೇಳಿದ. ಕಾಕಾ ಹೊರಗೆ ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಿದ್ದಾಗ ಕಾಕು ಮೊಳೆಪೆಟ್ಟಿಗೆಯ ಗಾಜು ಸರಿಸಿ, ಗುಂಡುಗಳಿಗೆಲ್ಲ ಒದ್ದೆ ಕುಂಕುಮ ಮೆತ್ತಿಬಿಟ್ಟರು. ಪ್ರಸಾದಕ್ಕೆ ಬಂದಿದ್ದ ನಾಲ್ಕಾರು ಮನೆಯ ಮಕ್ಕಳು ಮುತ್ತಿಕೊಂಡು ಗುಂಡು ಬಿಡತೊಡಗಿದವು. ಬಿಳಿ ಬಣ್ಣದ ಹಲಗೆಯ ಮೇಲೆ ಗುಂಡು ಹೋದ ದಾರಿಯೆಲ್ಲ ಕೆಂಪು ಗೆರೆ. ಕಾಕು ನಾಲಿಗೆ ಕಚ್ಚಿಕೊಂಡು ಒರೆಸುವ ಬಟ್ಟೆ ತಂದರು. ಒಳಗೆ ಬಂದ ಕಾಕಾ ಅವರ ಕೈ ಹಿಡಿದು ನಿಲ್ಲಿಸಿದರು.

ಗೆರೆಗಳೆಲ್ಲ ಮೇಲೆ ಬೇರೆ ಬೇರೆಯಾಗಿ ಹೊರಟು, ನಡುವೆ ಒಂದು ಮೊಳೆಯ ಹತ್ತಿರ ಬಂದು ಒಂದಾಗಿ, ಅಲ್ಲಿಂದ ಕೆಳಗೆ ಒಂದೇ ದಪ್ಪ ಗೆರೆಯಾಗಿ ಎಡಕ್ಕೆ ಹೋಗಿದ್ದವು. ಆಫೀಸು ಬಿಡುವ ಹೊತ್ತಿಗೆ ಎಲ್ಲ ಫ್ರೀವೇಗಳೂ ಸ್ಯಾನ್ ಮಟಿಯೋ ಸೇತುವೆಗೆ ಬಂದು ಸೇರುವ ಹಾಗೆ. ಭೂತಗನ್ನಡಿಗೆ ಸಿಗದ ಆ ಮೊಳೆ ಒಂದಿಷ್ಟು ಒರಗಿತ್ತು. ಕಾಕಾ ಸಣ್ಣ ಸುತ್ತಿಗೆಯಿಂದ ಅದಕ್ಕೊಂದು ಮುದ್ದಿನ ಪೆಟ್ಟು ಕೊಟ್ಟರು. ಮುಂದಿನ ಗುಂಡು ಬಲಕ್ಕೆ ಹೋಯಿತು. ಅದರ ಮುಂದಿನದು ನಟ್ಟನಡುವೆ. ಕೆಂಪು ಗೆರೆ ಹಲಗೆಯ ತುಂಬ ಹರಡಿತು. ಕಾಕಾ ಹೆಂಡತಿಯ ಕಡೆ ತಿರುಗಿ, ಇಷ್ಟ ದಿನಾ ಯಾಕ ಹಚ್ಚಿರಲಿಲ್ಲ ನೀ ಅಂತ ಕೇಳಿದರು. ಅಂದಿನಿಂದ ಮನೆಯ ಕುಂಕುಮವೆಲ್ಲ ಗರಾಜಿಗೇ ಹೋಗಿ, ಕಾಕು ಭಾರತೀಯ ಗ್ರೋಸರಿಯಿಂದ ಪೊಟ್ಟಣಗಟ್ಟಲೆ ತರಬೇಕಾಯಿತು.

ಆದರೆ ಗುಂಡು ಎಲ್ಲಿ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ ಅಂದಮೇಲೆ ಗಂಡಸರು ಸುಮ್ಮನಿರುತ್ತಾರೆಯೇ? ಮಕ್ಕಳ ಹಿಂದೆ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದ ಅಪ್ಪಂದಿರು ಬಾಜಿ ಕಟ್ಟಿದರು. ಹಬ್ಬದ ದಿನ ದುಡ್ಡು ಇಡುವುದು ತಪ್ಪು ಅಂತ ಅವರಿಗೂ ಗೊತ್ತು. ಹಾಗಾಗಿ ನಮ್ಮ ಕಡೆ ದುಡ್ಡಿಗಿಂತ ಬೆಲೆಯುಳ್ಳದ್ದನ್ನು ಇಟ್ಟರು: ಏರ್‌ಪೋರ್ಟ್ ಪಿಕಪ್ಪು. ಸೋತವನು ಗೆದ್ದವನ ಮನೆಗೆ ಬರುವ ನೆಂಟರನ್ನು ಹೋಗಿ ಕರೆತರಬೇಕು. ಹಾಸನದ ಒಬ್ಬರು ಸೋತರು. ಅವರ ಪಾಲಿಗೆ ಬಂದದ್ದು ಗೆದ್ದವರ ಅತ್ತೆ ಮಾವ. ವಿಮಾನ ಅರ್ಧ ದಿನ ತಡ, ಅತ್ತೆಗೆ ಕಾರಿನಲ್ಲಿ ವಾಂತಿ, ಸೂಟ್‌ಕೇಸಿನೊಳಗೆ ಒಡೆದ ಮಾವಿನಕಾಯಿ ಉಪ್ಪಿನಕಾಯಿ ಹೊಸ ಕಾರಿನ ಸೀಟಿಗೆ. ಹಾಸನದವರ ಹೆಂಡತಿ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಉಳಿದದ್ದನ್ನು ಸಂಘದ ಸಮಿತಿಗೆ ಹೇಳಿದರು. ಸಮಿತಿಯಿಂದ ಕಾಕಾಗೆ ಫೋನು ಬಂತು: ಜೂಜಿನ ಯಂತ್ರಕ್ಕೆ ಮೇಳದಲ್ಲಿ ಜಾಗವಿಲ್ಲ.

ಕಾಕಾ ಆ ದಿನ ಊಟ ಅರ್ಧಕ್ಕೇ ಬಿಟ್ಟರು. ಬೇಸರವನ್ನು ಅವರು ತೋರಿಸಿದ್ದು ಅಷ್ಟೇ. ನನಗೆ ಮಾತ್ರ ಸಿಟ್ಟು ಬಂತು, ಬಂದದ್ದನ್ನು ನಾನು ಒಳಗಿಟ್ಟುಕೊಳ್ಳುವವನಲ್ಲ. ಅಧ್ಯಕ್ಷರಿಗೆ ಫೋನು ಮಾಡಿ, ಒಂದು ಸಲ ಕಣ್ಣಾರೆ ನೋಡಿ ಆಮೇಲೆ ಬೇಡ ಅನ್ನಿ ಅಂತ ಹಟ ಹಿಡಿದೆ. ಬನ್ನಿ ಅಂದರು. ಅಧ್ಯಕ್ಷರು ಮೈಸೂರಿನ ಡಾಕ್ಟರು, ಊರಿನಲ್ಲಿ ನಮ್ಮ ಪಕ್ಕದ ಬಡಾವಣೆಯವರೇ, ಕೆಟ್ಟವರಲ್ಲ. ನಾನು ಅವರನ್ನು ಅಣಕಿಸುವುದು ಪ್ರೀತಿಯಿಂದ. ಅವರು ಸಹಿಸುವುದು ಬೇರೆ ದಾರಿಯಿಲ್ಲದೆ.

ಇಲ್ಲಿ ಅವರ ಮನೆ ಕೊಲ್ಲಿಯಾಚೆ, ಸ್ಯಾನ್ ಮಟಿಯೋದಲ್ಲಿ. ಭಾನುವಾರ ಪೆಟ್ಟಿಗೆಯನ್ನು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆವು. ಕಾಕಾ ಹಿಂದೆ ಕೂತರು. ದಾರಿಯುದ್ದಕ್ಕೂ ನಾನು ಪಾಠ ಹೇಳಿದೆ. ಕಾಕಾ, ಅವರು ಕೇಳುವುದು ಒಂದೇ ಪ್ರಶ್ನೆ, ಇದು ಕೈಚಳಕವೋ ಅದೃಷ್ಟವೋ ಅಂತ. ಕೈಚಳಕ ಅನ್ನಿ. ಅಂದು, ಒಂದು ಗುಂಡನ್ನು ಮೇಲಿನ ನಡುವಿನ ತೂತಿಗೆ ಹಾಕಿ ತೋರಿಸಿ. ನಿಮ್ಮ ಕೈಗೆ ಅದು ಹತ್ತಕ್ಕೆ ಆರು ಸಲ ಆಗುತ್ತದೆ, ನಾನೇ ನೋಡಿದ್ದೇನೆ. ಕಾಕಾ ಕಿಟಕಿಯಾಚೆ ಕೊಲ್ಲಿಯ ನೀರು ನೋಡುತ್ತ ಹೂಂ ಅಂದರು. ಅವರ ಹೂಂಗೆ ಒಪ್ಪಿಗೆ ಅನ್ನುವ ಅರ್ಥ ಯಾವತ್ತೂ ಇರಲಿಲ್ಲ ಅನ್ನುವುದು ನನಗೆ ಆಗ ನೆನಪಾಗಲಿಲ್ಲ.

ಅಧ್ಯಕ್ಷರ ಊಟದ ಮೇಜಿನ ಮೇಲೆ ಪೆಟ್ಟಿಗೆ ಕೂತಿತು. ಸಮಿತಿಯ ಇನ್ನೂ ಮೂರು ಜನ ಉಪ್ಪಿಟ್ಟಿನ 'ಮೀಟಿಂಗು' ನಡೆಸುತ್ತಿದ್ದರು. ಕಾಕಾ ಕೈ ಒರೆಸಿಕೊಂಡು, ಹಿಡಿ ಎಳೆದು ಬಿಟ್ಟರು. ಗುಂಡು ನೇರ ಮೇಲಿನ ನಡುವಿನ ತೂತಿಗೆ ಹೋಗಿ ಕೂತಿತು. ನಾನು ಮೇಜಿನ ಕೆಳಗೆ ಮುಷ್ಟಿ ಬಿಗಿದೆ. ಸಮಿತಿಯವರ ಚಮಚಗಳು ನಿಂತವು.

"ಕಾಕಾ, ಸ್ಟ್ರೇಟಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದರು ಅಧ್ಯಕ್ಷರು. "ಈಗ ಬಿದ್ದಿದ್ದು ಸ್ಕಿಲ್ಲೋ ಲಕ್ಕೋ?"

ಕಾಕಾ ಆ ಪ್ರಶ್ನೆಗೆ ತಮ್ಮ ಎಂದಿನ ಜಾಗ ಬಿಟ್ಟರು. ನಾನು ಅವರ ಬೆನ್ನ ಹಿಂದಿನಿಂದ ಸ್ವೆಟರು ಎಳೆದೆ.

"ಎಳಿಯೂದು ನಂದ್ರಿ," ಅಂದರು. "ಬೀಳೂದು ನಂದಲ್ಲ."

"ಅಂದ್ರೆ ಲಕ್ಕು."

"ಬಾಳಷ್ಟು ಲಕ್ಕ ರಿ. ಸುಳ್ಳ ಯಾಕ ಹೇಳಲಿ."

"ಮತ್ತೆ ಇದು ಜೂಜೇ ಆಯ್ತಲ್ಲ ಕಾಕಾ. ನಾನು ಹ್ಯಾಗೆ ಹೂಂ ಅನ್ನಲಿ?"

ಕಾಕಾ ಅದಕ್ಕೂ ತಲೆಯಾಡಿಸಿ, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರು ತೆಗೆದರು. ಗಾಜು ಸರಿಸಿ, ತೂತುಗಳ ಪಕ್ಕದ ಅಂಕಿ ತಗಡುಗಳನ್ನು ಒಂದೊಂದಾಗಿ ಬಿಚ್ಚಿದರು. ಆ ತಗಡುಗಳು ಮೂಲ ಪೆಟ್ಟಿಗೆಯವು. ತುಕ್ಕು ಕೆರೆದು, ಅಳಿಸಿಹೋದ ಬಣ್ಣಕ್ಕೆ ಬಣ್ಣ ಹೊಂದಿಸಿ, ಉಸಿರು ಹಿಡಿದು ಅಂಕಿ ತಿದ್ದಿದ್ದನ್ನು ನಾನು ನೋಡಿದ್ದೆ. ಎಲ್ಲವನ್ನೂ ಷರ್ಟಿನ ಜೇಬಿಗೆ ಹಾಕಿಕೊಂಡು, ಗಾಜು ಮುಚ್ಚಿ, ಈಗ ಆಡ್ರಿ ಅಂತ ಅಧ್ಯಕ್ಷರಿಗೆ ಹಿಡಿ ತೋರಿಸಿದರು.

ಅಧ್ಯಕ್ಷರು ಎಳೆದರು. ಗುಂಡು ಹಾರಿತು, ಕುಣಿಯಿತು, ಎಡಗಡೆ ಒಂದು ತೂತಿಗೆ ಬಿತ್ತು.

"ಎಷ್ಟಾಯ್ತು?"

"ಏನೂ ಇಲ್ರಿ. ಗುಂಡು ಬಿತ್ತು."

ಅಧ್ಯಕ್ಷರು ಇನ್ನೊಂದು ಎಳೆದರು. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಬಲಕ್ಕೆ ವಾಲಿದರು. ನಾಲ್ಕನೆಯದಕ್ಕೆ ಸೊಂಟ ಬಂತು, ಕಂಬದ ಮೇಲಿನ ಸಣ್ಣ ಗುಂಡು ಉರುಳಿತು, ಸಮಿತಿಯ ಖಜಾಂಚಿ ಔಟ್ ಅಂದರು, ಅಧ್ಯಕ್ಷರು ನಾನು ತಳ್ಳೇ ಇಲ್ಲ ಅಂತ ವಾದಿಸಿದರು. ಅವರ ಹೆಂಡತಿ ಅಡುಗೆಮನೆಯಿಂದ ಬಂದು, ನಿಮ್ಮದಾಯ್ತಾ, ಜರಗಿ ಅಂದರು. ಕಾಫಿ ಆರಿ ಕೆನೆಗಟ್ಟಿತು. ಕೊನೆಗೆ ಅಧ್ಯಕ್ಷರು ಇಲ್ಲದ ಮೈಕಿಗೆ ಒಂದು ಸಲ ಊದುವ ಹಾಗೆ ಉಸಿರು ಬಿಟ್ಟು, ಅಂಕಿ ಇಲ್ಲದಿದ್ದರೆ ಮೇಳದಲ್ಲಿ ಇರಲಿ, ಇದರಲ್ಲಿ ಗೆಲ್ಲೋಕೇ ಏನಿಲ್ಲವಲ್ಲ ಅಂದರು. ಅನ್ನುತ್ತಲೇ ಇನ್ನೊಂದು ಗುಂಡು ಎಳೆದರು.

ವಾಪಸು ಬರುವಾಗ ಸೇತುವೆಯ ಮೇಲೆ ನಾನು ಗೊಣಗಿದೆ. ಸ್ಕಿಲ್ಲು ಅಂದಿದ್ದರೆ ತಗಡುಗಳನ್ನು ಕೀಳಬೇಕಾಗಿರಲಿಲ್ಲ, ಪೆಟ್ಟಿಗೆ ಮೂಲದ ಹಾಗೇ ಇರುತ್ತಿತ್ತು ಅಂದೆ. ಹಿಂದಿನ ಸೀಟಿನಿಂದ ಕಾಕಾ ನಿಧಾನವಾಗಿ ಚರಿತ್ರೆ ಬಿಚ್ಚಿದರು. ಅಂದಿನ ಹೋಟೆಲುಗಳಲ್ಲಿ ಈ ಪೆಟ್ಟಿಗೆಗಳಿಗೆ ಬಹುಮಾನ ಇಡುತ್ತಿದ್ದರು. ಜೂಜು ಎಂದು ಊರೂರಲ್ಲಿ ನಿಷೇಧವಾಯಿತು. ಮೇಯರಂಥ ದೊಡ್ಡವರು ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆಯುತ್ತ ಪತ್ರಿಕೆಯವರಿಗೆ ಫೋಟೋ ಕೊಟ್ಟರು. ತಯಾರಿಸುವವರು ಬಹುಮಾನ ಬಿಟ್ಟು, ಇನ್ನೊಮ್ಮೆ ಆಡುವ ಅವಕಾಶವನ್ನಷ್ಟೇ ಕೊಟ್ಟು ನೋಡಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ಲಿಪ್ಪರು ಬಂತು. ಆಡುವವನ ಕೈಗೆ ಅಧಿಕಾರ ಬಂತು, ಇದು ಕೈಚಳಕದ ಆಟ ಎಂದು ವಾದ ಮಾಡಲಿಕ್ಕೆ ಒಂದು ದಾರಿಯಾಯಿತು.

"ಮೂಲದ ಹಂಗ ಅಂತೀಯಲ್ಲ, ಯಾವ ಮೂಲ?" ಅಂದರು. "ಈ ಆಟದ ಅರ್ಧ ಡಿಸೈನು ಕಳ್ಳರದು, ಗುದ್ದತಾರಂತ ಮಾಡಿದ್ದು. ಇನ್ನರ್ಧ ಪೊಲೀಸರದು, ಹಿಡೀತಾರಂತ ಮಾಡಿದ್ದು. ಇವತ್ತ ನಿಮ್ಮ ಡಾಕ್ಟರೂ ಒಂದೀಟು ಡಿಸೈನು ಮಾಡಿದ್ರು. ಛೊಲೋ ಮಾಡಿದ್ರು."

ಮೇಳದ ದಿನ ಕಾಕಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದರು, ಅದರ ಮೇಲೆ ಸ್ವೆಟರು. ಅವರ ಮೇಜು ಒಬ್ಬಟ್ಟಿನ ಮಳಿಗೆಗೂ ಸೀರೆ ಮಳಿಗೆಗೂ ನಡುವೆ. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಸಾಲು ಹತ್ತಿತು, ಒಬ್ಬಟ್ಟಿನ ಸಾಲು ಯಾವುದು, ಗುಂಡಿನ ಸಾಲು ಯಾವುದು ಎಂದು ತಿಳಿಯದಷ್ಟು. ಅಂಕಿಯಿಲ್ಲದ ಪೆಟ್ಟಿಗೆ ಮಕ್ಕಳಿಗೆ ತೊಡಕೇ ಆಗಲಿಲ್ಲ. ಒಬ್ಬ ಹುಡುಗ ಎಡಗಡೆಯವೆಲ್ಲ ಲಾವಾ, ಬಿದ್ದರೆ ಸತ್ತೆವು ಅಂತ ಇಂಗ್ಲಿಷಿನಲ್ಲಿ ಘೋಷಿಸಿದ. ಮುಂದಿನ ಹುಡುಗಿ ಲಾವಾಕ್ಕೆ ಬಿದ್ದರೇ ಗೆಲುವು ಎಂದು ಕಾನೂನು ತಿರುಗಿಸಿದಳು. ಗುಂಡಿಗೆ ಹೆಸರಿಟ್ಟವರಿದ್ದರು, ಕಿವಿಯನ್ನು ಗಾಜಿಗಿಟ್ಟು ಬರೀ ಸದ್ದು ಕೇಳಿದವರಿದ್ದರು. ಕಾಕಾ ಯಾರನ್ನೂ ತಿದ್ದಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಅಪ್ಪಂದಿರು ಏರ್‌ಪೋರ್ಟ್ ಬಾಜಿಯನ್ನು ಮತ್ತೆ ಶುರು ಮಾಡಿದ್ದರು, ಈ ಸಲ ಕ್ರಿಕೆಟ್ಟಿನ ಮೇಲೆ.

ಮಧ್ಯಾಹ್ನ ಊಟ ಮುಗಿದ ಹೊತ್ತಿಗೆ ಒಂದು ದಪ್ಪ ಹುಡುಗ ಹಿಡಿಯನ್ನು ಎಳೆದು, ಬಿಡದೆ, ಇನ್ನೂ ಎಳೆದ. ಒಳಗೆ ಖಣ್ ಅಂತ ಸದ್ದಾಯಿತು. ಹಿಡಿ ಸೋತುಹೋದ ಹಾಗೆ ಅವನ ಕೈಗೆ ಬಂತು. ಸ್ಪ್ರಿಂಗು ಮುರಿದಿತ್ತು. ಹುಡುಗ ಅಳತೊಡಗಿದ, ಅವನ ತಾಯಿ ಓಡಿ ಬಂದರು, ನಾನು ಮೇಜಿನ ಮುಂದಿನ ಬೋರ್ಡು ತಿರುಗಿಸಿ 'ಮುಗಿಯಿತು' ಎಂದು ಬರೆಯಲು ಪೆನ್ನು ಹುಡುಕಿದೆ. ಹಿಂದೆ ಇನ್ನೂ ಸಾಲಿತ್ತು.

"ಅಳಬ್ಯಾಡ. ಆಡಿ ಆಡಿ ಮುರದದ, ಅದಕ್ಕ ಅಳತಾರೇನು?" ಅಂದರು ಕಾಕಾ.

ಹುಡುಗನಿಗೆ ಕನ್ನಡ ಎಷ್ಟು ತಿಳಿಯಿತೋ, ಅಳು ನಿಂತಿತು. ಕಾಕಾ ಮೇಜಿನಿಂದೆದ್ದು ವೇದಿಕೆಯ ಪಕ್ಕಕ್ಕೆ ನಡೆದರು. ಅಲ್ಲಿ ಕೋಲಾಟದ ಹುಡುಗಿಯರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಲ್ಲಿ ಒಬ್ಬಳಿಂದ ಒಂದು ಕೋಲು ಕೇಳಿ ತಂದರು. ಗಾಜನ್ನು ಪೂರ್ತಿ ತೆಗೆದು, ಗುಂಡನ್ನು ಹಿಡಿಯ ಮುಂದಿನ ಓಣಿಯಲ್ಲಿಟ್ಟು, ಕೋಲಿನ ತುದಿಯಿಂದ ಮೆಲ್ಲಗೆ ಮೇಲಕ್ಕೆ ದೂಡಿದರು. ಗುಂಡು ಹತ್ತಿತು, ತಿರುಗಿತು, ಮೊಳೆಗಳ ನಡುವೆ ಇಳಿಯಿತು. ಸ್ಪ್ರಿಂಗು ಬರುವ ಮುಂಚೆ, ಎಷ್ಟೋ ಹಿಂದೆ, ಹೀಗೇ ಕೋಲಿನಿಂದಲೇ ಆಡುತ್ತಿದ್ದರಂತೆ. ಅಂಗಡಿಯ ಕಟ್ಟೆಯ ಮೇಲೆ ಕೋಲು ಬೀಸಲು ಜಾಗವಿಲ್ಲ ಅಂತ ಸ್ಪ್ರಿಂಗು ಬಂತಂತೆ. ಮಕ್ಕಳಿಗೆ ಈ ವಿವರ ಬೇಕಿರಲಿಲ್ಲ, ಕೋಲು ಬೇಕಿತ್ತು. ಸಾಲು ಮತ್ತೆ ಚಲಿಸಿತು. ವೇದಿಕೆಯ ಮೇಲೆ ಆ ಹುಡುಗಿ ಕೋಲಾಟವನ್ನು ಒಂದೇ ಕೋಲಿನಲ್ಲಿ ಆಡಿದಳು. ಎದುರಿನವಳು ಇವಳ ಬರಿಗೈಗೆ ಹೊಡೆಯದಂತೆ ನೋಡಿಕೊಳ್ಳುವುದರಲ್ಲಿ ಹಾಡೇ ಮರೆತಳು. ಕತ್ತಲಾಗಿ ಸಭಾಂಗಣದವರು ದೀಪ ಆರಿಸುವವರೆಗೂ ಗುಂಡು ಬೀಳುತ್ತಿತ್ತು.

ಆಮೇಲಿನ ವಾರವೆಲ್ಲ ಮನೆಯ ಸಾಮಾನು ಕಟ್ಟುವ ಗಡಿಬಿಡಿ. ಕಾಕಾ ಅವರ ಡ್ರಾಯರಿನಲ್ಲಿ ಬೇಕಾದಷ್ಟು ಸ್ಪ್ರಿಂಗುಗಳಿದ್ದವು. ಆದರೂ ಮುರಿದದ್ದನ್ನು ಬದಲಿಸದೆ, ಹಾಗೇ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿದರು. ಅಂಕಿ ತಗಡುಗಳನ್ನು ಒಂದು ಡಬ್ಬಿಗೆ ಹಾಕಿ, ಕೋಲನ್ನು ಪಕ್ಕದಲ್ಲಿಟ್ಟು ಕಟ್ಟಿದರು. ಮನೆಯ ನಲ್ಲಿ ಒಂದು ಹನಿ ಸೋರಿದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ. ಸುಸ್ತಾಗಿರಬೇಕು ಅಂದುಕೊಂಡೆ. ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ, ಬಾಜಿ ಸೋಲದೆ. ಇಂಥ ಯಂತ್ರಗಳು ಹೆಚ್ಚಾಗಿ ತಯಾರಾಗಿದ್ದು ಶಿಕಾಗೋದಲ್ಲಂತೆ. ಅದು ಅಲ್ಲಿಂದ ಇಲ್ಲಿಗೆ ಬಂತು, ನಾ ಇಲ್ಲಿಂದ ಅಲ್ಲಿಗೆ ಹೊಂಟೆ, ಲೆಕ್ಕ ಚುಕ್ತಾ ಅಂದು, ಕೈಯೆತ್ತಿ, ಒಳಗೆ ಹೋದರು. ಅವರನ್ನು ನೋಡಿದ್ದು ಅದೇ ಕೊನೆ.

ಸುದ್ದಿ ಬಂದ ವಾರ ನಾನು ಆ ಮ್ಯೂಸಿಯಮ್ಮಿಗೆ ಹೋದೆ. ಹಳೆಯ ಗೋದಾಮು, ಒಳಗೆ ಗಾಜಿನ ಕಪಾಟುಗಳ ಸಾಲು, ಹೊಳೆಯುವ ಪೆಟ್ಟಿಗೆಗಳು. ಎರಡು ಸಲ ಸುತ್ತಿದರೂ ಕಾಕಾ ಅವರದು ಕಾಣಲಿಲ್ಲ. ಕಳೆದುಬಿಟ್ಟಿರಬೇಕು ಅಂದುಕೊಂಡು, ಜೇಬಿನ ಏಪ್ರನ್ನು ಕಟ್ಟಿಕೊಂಡು ಯಾವುದೋ ಯಂತ್ರ ಬಿಚ್ಚುತ್ತಿದ್ದ ಒಬ್ಬ ಅಮೆರಿಕನ್ ಅಜ್ಜಿಯನ್ನು ಕೇಳಿದೆ. ಆಕೆ ಅಲ್ಲಿನ ಸ್ವಯಂಸೇವಕಿ. ನನ್ನ ಮುಖ ನೋಡಿ, ಆ ಸ್ವೆಟರಿನವರ ಪೆಟ್ಟಿಗೆಯಾ ಅಂದಳು.

ಆಕೆ ಹೇಳಿದ್ದು ಇಷ್ಟು. ಪೆಟ್ಟಿಗೆ ತಂದುಕೊಡುವ ಹಿಂದಿನ ದಿನ ಕಾಕಾ ಫೋನು ಮಾಡಿದ್ದರಂತೆ. ಸರಿಯಾಗಿ ಕೆಲಸ ಮಾಡುವ ಹಳೆಯ ಯಂತ್ರಗಳನ್ನು ಎಲ್ಲಿಡುತ್ತೀರಿ ಎಂದು ಕೇಳಿದರಂತೆ. ಗಾಜಿನೊಳಗೆ ಎಂದಳಂತೆ. ಕೆಟ್ಟಿರುವುದನ್ನು? ಅದನ್ನು ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಬಿಟ್ಟುಬಿಡುತ್ತೇವೆ, ಇನ್ನು ಕೆಡುವುದಕ್ಕೇನಿದೆ. ಕಾಕಾ, ನನ್ನದರ ಸ್ಪ್ರಿಂಗು ಮುರಿದಿದೆ ಅಂದರಂತೆ. ನಮ್ಮಲ್ಲಿ ಇದೆ, ನಿಮಿಷದಲ್ಲಿ ಹಾಕುತ್ತೇನೆ ಎಂದಾಗ, ದಯವಿಟ್ಟು ಹಾಕಬೇಡಿ ಅಂದರಂತೆ.

ಹಿಂದಿನ ಕೋಣೆ ಗದ್ದಲವಾಗಿತ್ತು. ತಗ್ಗಾದ ಮೇಜಿನ ಮೇಲೆ ಮೊಳೆಪೆಟ್ಟಿಗೆ, ಗಾಜಿಲ್ಲ, ದಾರಕ್ಕೆ ಕಟ್ಟಿದ ಕೋಲಾಟದ ಕೋಲು. ಆರೇಳು ವರ್ಷದ ಒಬ್ಬಳು ಹುಡುಗಿ, ಮುಂದಿನ ಹಲ್ಲು ಬಿದ್ದವಳು, ಅಲ್ಲಿಯ ಅಧ್ಯಕ್ಷಳು. ಯಾವ ತೂತಿಗೆ ಎಷ್ಟು ಅಂತ ಅವಳೇ ಹೇಳುತ್ತಿದ್ದಳು, ಪ್ರತಿಯೊಬ್ಬರಿಗೂ ಬೇರೆ ಬೇರೆ. ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಂಡಿಯೂರಿ ಕೂತು ಗುಂಡು ದೂಡಿದೆ. ಅದು ಎಲ್ಲೆಲ್ಲೋ ತಾಕಿ ಕೆಳಗಿನ ಒಂದು ತೂತಿಗೆ ಬಿತ್ತು. ಎಷ್ಟು ಅಂತ ಕೇಳಿದೆ. ಎರಡು ಅಂದಳು. ಹಿಂದಿನವನಿಗೆ ಅದೇ ತೂತಿಗೆ ನೂರು ಕೊಟ್ಟೆಯಲ್ಲ, ನನಗೆ ಯಾಕೆ ಎರಡು ಅಂದೆ. ನನ್ನ ಬೆನ್ನ ಹಿಂದೆ ಸಾಲು ಬಾಗಿಲಾಚೆಗೂ ಹೋಗಿತ್ತು, ಉತ್ತರ ಕೊಡಲು ಅವಳಿಗೆ ಪುರಸೊತ್ತಿರಲಿಲ್ಲ. ನನ್ನ ಕೈಯಿಂದ ಕೋಲು ಕಿತ್ತು ಮುಂದಿನವನಿಗೆ ಕೊಟ್ಟಳು.